ರಾತ್ರಿ ಎಂಟರ ನಂತರದ ಶಾಲೆ

ಅಮೆರಿಕದ ಈಶಾನ್ಯ ಭಾಗದ ಹೆಸರಾಂತ ಖಾಸಗಿ ವಸತಿ ಪ್ರೌಢಶಾಲೆಯೊಂದರಲ್ಲಿ ನಾನು ಕೆಲವು ವರ್ಷ ಇತಿಹಾಸ ಪಾಠ ಹೇಳಿದೆ. ಅಲ್ಲಿನ ರೂಢಿಯಂತೆ ನನಗೆ ಮನೆಯನ್ನೂ ವಿದ್ಯಾರ್ಥಿಗಳ ವಸತಿಗೃಹದೊಳಗೇ ಕೊಟ್ಟಿದ್ದರು. ಆ ಮನೆಗೆ ಎರಡು ಬಾಗಿಲು: ಒಂದು ಹೊರಗಿನ ಹುಲ್ಲುಹಾಸಿಗೆ, ಇನ್ನೊಂದು ನೇರವಾಗಿ ಹುಡುಗರ ಕಾರಿಡಾರಿಗೆ. ಆ ಕೆಲಸ ಬಿಟ್ಟು ಬಂದ ಮೇಲೂ ಒಂದು ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಕೊಂಡಿದೆ. ಬೆಳಗಿನ ತರಗತಿಯಲ್ಲಿ ಹನ್ನೊಂದು ಸಹಪಾಠಿಗಳ ಎದುರು, ಪಾಠ ಹೇಳುವವರ ಮುಖ ನೋಡಿಕೊಂಡೇ, "ನೀವು ಹೇಳಿದ್ದಕ್ಕೆ ಈ ದಾಖಲೆಯಲ್ಲಿ ಆಧಾರ ಕಾಣುತ್ತಿಲ್ಲ" ಎನ್ನಬಲ್ಲ ಹದಿನಾಲ್ಕರ ಹುಡುಗ, ಅದೇ ದಿನ ರಾತ್ರಿ ಕಾರಿಡಾರಿನಲ್ಲಿ ಎದುರಾದಾಗ "ಹೇಗಿದ್ದೀಯ?" ಎಂದರೆ "ಚೆನ್ನಾಗಿದ್ದೇನೆ, ಸರ್" ಎಂಬ ಒಂದೇ ಮಾತಿನ ಹಿಂದೆ ಮರೆಯಾಗುವುದು ಏಕೆ? ಹಗಲು ಅಷ್ಟು ಮಾತು ಕಲಿತವನು ರಾತ್ರಿಯ ಹೊತ್ತಿಗೆ ಅದನ್ನೆಲ್ಲ ಎಲ್ಲಿ ಇಟ್ಟುಬಿಡುತ್ತಾನೆ?

ಹದಿಹರೆಯದವರು ದೊಡ್ಡವರ ಹತ್ತಿರ ಮನಸ್ಸು ಬಿಚ್ಚುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಮಕ್ಕಳಿಂದ ಮಾತು ಹೊರಡಿಸುವುದೇ ತನ್ನ ಕಸುಬು ಎಂದು ಹೇಳಿಕೊಳ್ಳುವ, ಅದಕ್ಕಾಗಿ ಕೋಟಿಗಟ್ಟಲೆ ಹಣ ಸುರಿದ ಸಂಸ್ಥೆಯಲ್ಲಿ ಹೀಗಾಗುತ್ತದೆ ಎಂದರೆ ಅದಕ್ಕೆ ವಯಸ್ಸನ್ನು ಮಾತ್ರ ಹೊಣೆ ಮಾಡಲು ನನಗೆ ಮನಸ್ಸಾಗುವುದಿಲ್ಲ.

ಅಂಡಾಕಾರದ ಮೇಜು

ಈ ಬಗೆಯ ಶಾಲೆಗಳ ತರಗತಿ ಹೇಗಿರುತ್ತದೆ ಎಂಬುದಕ್ಕೆ ಒಂದು ಇತಿಹಾಸವಿದೆ. 1930ರಲ್ಲಿ ಎಡ್ವರ್ಡ್ ಹಾರ್ಕ್‌ನೆಸ್ ಎಂಬ ಶ್ರೀಮಂತರು ನ್ಯೂ ಹ್ಯಾಂಪ್‌ಶೈರಿನ ಫಿಲಿಪ್ಸ್ ಎಕ್ಸೆಟರ್ ಅಕಾಡೆಮಿಗೆ 58 ಲಕ್ಷ ಡಾಲರ್ ದಾನ ಕೊಟ್ಟರು. ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯಲ್ಲಿ ಅವರ ತಂದೆ ಮೊದಮೊದಲು ಹೂಡಿದ್ದ ಬಂಡವಾಳದಿಂದ ಬಂದ ಸಂಪತ್ತು ಅದು. ಅವರ ಬೇಡಿಕೆ ಹೊಸ ಕಟ್ಟಡವಾಗಿರಲಿಲ್ಲ. ಪಾಠದ ರೀತಿಯೇ ಬದಲಾಗಬೇಕು ಎಂಬುದಾಗಿತ್ತು. ದೊಡ್ಡ ತರಗತಿಯಲ್ಲಿ ಬಾಯಿ ಬಿಡಲು ಹಿಂಜರಿಯುವ ಸಾಧಾರಣ ಹುಡುಗನಿಗೂ ಮಾತನಾಡುವ ಧೈರ್ಯ ಬರುವಂತಹ ವ್ಯವಸ್ಥೆ ಅವರಿಗೆ ಬೇಕಿತ್ತು. ಸಾಲುಬೆಂಚುಗಳು ಹೋದವು, ಹನ್ನೆರಡು ಮಂದಿಯಷ್ಟೇ ಸುತ್ತ ಕೂರಬಹುದಾದ ದೊಡ್ಡ ಅಂಡಾಕಾರದ ಮೇಜು ಬಂತು, ಪಾಠ ಹೇಳುವವರೂ ಅದೇ ಮೇಜಿಗೆ ಕುರ್ಚಿ ಎಳೆದುಕೊಂಡು ಕೂತರು. ತರಗತಿ ಚಿಕ್ಕದಾದ ಮೇಲೆ ಅಧ್ಯಾಪಕರು ಹೆಚ್ಚು ಬೇಕಾದರು. ದಾನದ ಹಣ ಸಾರ್ಥಕವಾದದ್ದು ಅಲ್ಲಿ. ಇಂದು ಬೇರೆ ಅನೇಕ ಶಾಲೆಗಳು ಈ ಪದ್ಧತಿಯನ್ನು ಎರವಲು ಪಡೆದಿವೆ, ಕೆಲವು ಮೇಜನ್ನು ಮಾತ್ರ ಎರವಲು ಪಡೆದಿವೆ.

ಹೊರಗಿನಿಂದ ನೋಡುವವರಿಗೆ ಇದು ಹರಟೆಯಂತೆ ಕಾಣಬಹುದು. ಒಳಗೆ ಕೂತವರಿಗೆ ಅದರ ಕಷ್ಟ ಗೊತ್ತು. ಅಧ್ಯಾಪಕರ ಮುಂದೆ ಒಂದು ಹಾಳೆ ಇರುತ್ತದೆ. ಅದರ ಮೇಲೆ ಮೇಜಿನ ಚಿತ್ರ, ಸುತ್ತ ಹೆಸರುಗಳು. ಯಾರ ಮಾತಿಗೆ ಯಾರು ಉತ್ತರ ಕೊಟ್ಟರೋ ಅವರಿಬ್ಬರ ನಡುವೆ ಒಂದು ಗೆರೆ. ತಾಸು ಮುಗಿಯುವ ಹೊತ್ತಿಗೆ ಹಾಳೆಯ ತುಂಬ ಗೆರೆಗಳು ಹೆಣೆದುಕೊಂಡು, ಯಾರು ಹೆಚ್ಚು ಮಾತನಾಡಿದರು, ಯಾರನ್ನು ಯಾರೂ ಕೇಳಿಸಿಕೊಳ್ಳಲಿಲ್ಲ, ಯಾರ ಹೆಸರಿಗೆ ಒಂದು ಗೆರೆಯೂ ಮುಟ್ಟಲಿಲ್ಲ ಎಂಬುದೆಲ್ಲ ಕಣ್ಣಿಗೆ ಬೀಳುತ್ತದೆ. ಹೊಸದಾಗಿ ಸೇರಿದ ಅಧ್ಯಾಪಕರಿಗೆ ಕಷ್ಟವಾಗುವುದು ಮೌನ. ಯಾರೂ ಮಾತನಾಡದ ಅರ್ಧ ನಿಮಿಷ ಅರ್ಧ ತಾಸಿನಷ್ಟು ಉದ್ದವೆನಿಸುತ್ತದೆ. ಅದನ್ನು ತುಂಬದೆ ಸುಮ್ಮನಿರುವುದೇ ಈ ವಿದ್ಯೆಯ ಬಹುಭಾಗ.

ಒಂದು ದಿನದ ಪಾಠ ನನಗೆ ಚೆನ್ನಾಗಿ ನೆನಪಿದೆ. 1787ರ ಅಮೆರಿಕದ ಸಂವಿಧಾನ ಸಭೆಯಲ್ಲಿ ಗುಲಾಮರನ್ನು ಜನಸಂಖ್ಯೆಯ ಲೆಕ್ಕಕ್ಕೆ ಐದರಲ್ಲಿ ಮೂರು ಪಾಲಿನಂತೆ ಹಿಡಿಯಲು ಆದ ಒಪ್ಪಂದದ ಬಗ್ಗೆ ಚರ್ಚೆ ನಡೆದಿತ್ತು. ಇಪ್ಪತ್ತು ನಿಮಿಷ ಮಾತು ಸರಾಗವಾಗಿ ಹರಿಯಿತು. ಮನುಷ್ಯನನ್ನು ಭಿನ್ನರಾಶಿ ಮಾಡಿದ ಕ್ರೌರ್ಯದ ಬಗ್ಗೆ ಎಲ್ಲರಿಗೂ ಹೇಳುವುದಿತ್ತು, ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಆಗ, ಸೇರಿದಾಗಿನಿಂದ ಹೆಚ್ಚು ಮಾತನಾಡದಿದ್ದ ಹುಡುಗನೊಬ್ಬ ತಲೆ ಎತ್ತಿ, "ನಾನು ಇದನ್ನು ಎರಡು ಸಲ ಓದಿದೆ. ಗುಲಾಮರನ್ನು ಪೂರ್ತಿ ಎಣಿಸಬೇಕು ಎಂದವರು ಗುಲಾಮರ ಒಡೆಯರು. ಎಣಿಸಲೇಬಾರದು ಎಂದವರು ಉತ್ತರದವರು. ಇದು ತಿರುವುಮುರುವಾಗಿರಬೇಕಲ್ಲವೇ? ನನಗೆ ಅರ್ಥವಾಗಲಿಲ್ಲ" ಎಂದ. ಮೇಜಿನ ಸುತ್ತ ಒಂದು ಬಗೆಯ ಇರುಸುಮುರುಸು ಹರಡಿತು, ಏಕೆಂದರೆ ಅಷ್ಟು ಹೊತ್ತು ಸೊಗಸಾಗಿ ಮಾತನಾಡಿದವರಲ್ಲಿ ಅರ್ಧದಷ್ಟು ಜನ ಅದನ್ನು ತಿರುವುಮುರುವಾಗಿಯೇ ಓದಿಕೊಂಡಿದ್ದರು. ಎಣಿಕೆ ಹೆಚ್ಚಿದಷ್ಟೂ ಪ್ರತಿನಿಧಿ ಸಭೆಯಲ್ಲಿ ಒಡೆಯರ ರಾಜ್ಯಗಳಿಗೆ ಸ್ಥಾನ ಹೆಚ್ಚುತ್ತದೆ, ಎಣಿಸಿಕೊಂಡವರಿಗೆ ಮತವೂ ಸಿಗುವುದಿಲ್ಲ, ಬಿಡುಗಡೆಯೂ ಸಿಗುವುದಿಲ್ಲ ಎಂಬುದನ್ನು ಅವರೇ ಒಬ್ಬರ ಮಾತಿಗೆ ಒಬ್ಬರು ಸೇರಿಸುತ್ತ ಕಂಡುಕೊಂಡರು. ನಾನು ಬಾಯಿ ಬಿಡಲಿಲ್ಲ. ಅಂದಿನ ಹಾಳೆಯಲ್ಲಿ ಎಲ್ಲ ಗೆರೆಗಳೂ ಆ ಹುಡುಗನ ಹೆಸರಿಗೆ ಬಂದು ಸೇರಿದ್ದವು.

"ನನಗೆ ಅರ್ಥವಾಗಲಿಲ್ಲ" ಎಂದು ಎಲ್ಲರೆದುರು ಹೇಳುವುದು ಆ ಮೇಜು ಕಲಿಸಬಹುದಾದ ಅತಿ ದೊಡ್ಡ ವಿದ್ಯೆ ಎಂದು ನಾನು ಇಂದಿಗೂ ನಂಬಿದ್ದೇನೆ. ಹಾಗಾಗಿ ಅಂದಿನ ರಾತ್ರಿ ನಡೆದದ್ದು ನನ್ನನ್ನು ಹೆಚ್ಚು ಕಾಡುತ್ತದೆ.

ಬಾಡಿಗೆಯ ಕೋಣೆಯಿಂದ ಹೌಸ್‌ವರೆಗೆ

ಅದಕ್ಕೆ ಮೊದಲು ವಸತಿಗೃಹದ ಬಗ್ಗೆ ಎರಡು ಮಾತು. ಇಂಗ್ಲೆಂಡಿನ ಹಳೆಯ ಶಾಲೆಗಳ 'ಹೌಸ್' ಎಂದರೆ ಪರಂಪರೆ, ಬಣ್ಣದ ಟೈ, ಕ್ರೀಡಾಸ್ಪರ್ಧೆ ಎಂದೆಲ್ಲ ನಾವು ಭಾವಿಸುತ್ತೇವೆ. ಅದರ ಮೂಲ ಇನ್ನೂ ಸರಳವಾದದ್ದು. ಆರನೆಯ ಹೆನ್ರಿ ದೊರೆ 1440ರಲ್ಲಿ ಈಟನ್ ಶಾಲೆ ಸ್ಥಾಪಿಸಿದಾಗ ಅಲ್ಲಿ ಉಚಿತ ಊಟ ವಸತಿ ಇದ್ದದ್ದು 70 ಮಂದಿ ಬಡ ವಿದ್ಯಾರ್ಥಿಗಳಿಗೆ. ಹಣ ಕೊಟ್ಟು ಓದಲು ಬಂದವರು ಊರೊಳಗೆ ಬಾಡಿಗೆಯ ಕೋಣೆಗಳಲ್ಲಿ ಇರುತ್ತಿದ್ದರು. ಆ ಮನೆಗಳನ್ನು ನಡೆಸುತ್ತಿದ್ದವರಲ್ಲಿ 'ಡೇಮ್' ಎಂದು ಕರೆಯುತ್ತಿದ್ದ ಹೆಂಗಸರೂ ಇದ್ದರು. ಶಾಲೆ ಪಾಠ ಹೇಳುತ್ತಿತ್ತು, ರಾತ್ರಿಯ ಹೊಣೆ ಮನೆಯೊಡತಿಯದು. ಕಾಲಕ್ರಮದಲ್ಲಿ ಅಧ್ಯಾಪಕರೇ ಮನೆಗಳನ್ನು ವಹಿಸಿಕೊಂಡರು, ಮನೆಗಳು ಶಾಲೆಯ ಅಂಗಗಳಾದವು. ಇವತ್ತಿಗೂ ಈಟನ್‌ನ ಸುಮಾರು 1,300 ಹುಡುಗರಲ್ಲಿ 70 ಮಂದಿ ವಿದ್ಯಾರ್ಥಿವೇತನದವರು ಹಳೆಯ ಕಾಲೇಜಿನಲ್ಲೂ, ಉಳಿದವರು ಸುಮಾರು ಐವತ್ತು ಮಂದಿಯ ಹೌಸ್‌ಗಳಲ್ಲೂ ಇರುತ್ತಾರೆ. ಹೌಸ್‌ನಲ್ಲಿ ಆರೈಕೆ ನೋಡಿಕೊಳ್ಳುವವರನ್ನು ಈಗಲೂ ಡೇಮ್ ಎಂದೇ ಕರೆಯುತ್ತಾರೆ.

ಇದನ್ನು ಹೇಳಿದ್ದಕ್ಕೆ ಕಾರಣವಿದೆ. ಆ ಹಳೆಯ ಏರ್ಪಾಡಿನಲ್ಲಿ ಕೊಳಕಿತ್ತು, ಹಸಿವಿತ್ತು, ಹೊಡೆತವಿತ್ತು. ಅದನ್ನು ಹೊಗಳುವ ಉದ್ದೇಶ ನನಗಿಲ್ಲ. ಆದರೆ ಅದರಲ್ಲಿ ಒಂದು ವಿಷಯವಿತ್ತು: ಮಲಗಲು ಜಾಗ ಕೊಟ್ಟ ಹೆಂಗಸಿಗೆ ಹುಡುಗನ ಲ್ಯಾಟಿನ್ ಹೇಗಿದೆ ಎಂಬುದರ ಗೊಡವೆ ಇರಲಿಲ್ಲ.

ಸುಧಾರಣೆಯ ಕಥೆ ಬೇರೆ ದಿಕ್ಕಿಗೆ ಹೋಯಿತು. 1828ರಿಂದ 1842ರಲ್ಲಿ ತೀರಿಕೊಳ್ಳುವವರೆಗೆ ರಗ್ಬಿ ಶಾಲೆಯ ಮುಖ್ಯಸ್ಥರಾಗಿದ್ದ ಥಾಮಸ್ ಅರ್ನಾಲ್ಡ್ ಅವರು ಹಿರಿಯ ತರಗತಿಯ ಹುಡುಗರ ಕೈಗೆ ಶಿಸ್ತಿನ ಅಧಿಕಾರವನ್ನು ಕೊಟ್ಟು ಅವರ ಮೂಲಕವೇ ಇಡೀ ಶಾಲೆಯ ನಡತೆಯನ್ನು ತಿದ್ದಲು ನೋಡಿದರು. ಪ್ರಿಫೆಕ್ಟ್‌ಗಳು ಪ್ರಪಂಚದ ಎಲ್ಲ ಮೂಲೆಗಳ ಶಾಲೆಗಳಿಗೆ ಹೋದದ್ದು ಹೀಗೆ. ಕಿರಿಯರು ಹಿರಿಯರ ಬೂಟು ಒರೆಸುವ, ಬೆಳಗಿನ ತಿಂಡಿ ಸಿದ್ಧಪಡಿಸುವ ಚಾಕರಿಯೂ ಕೆಲವೆಡೆ ಇಪ್ಪತ್ತನೆಯ ಶತಮಾನದ ಕೊನೆಯ ಭಾಗದವರೆಗೆ ಉಳಿದಿತ್ತು. ಈಗ ಅದು ಇಲ್ಲ. ಉಳಿದದ್ದು, ರಾತ್ರಿಯ ಶಾಲೆಯನ್ನು ನಿಜವಾಗಿ ಬಲ್ಲವರು ಹಿರಿಯ ವಿದ್ಯಾರ್ಥಿಗಳೇ ಎಂಬ ಸತ್ಯ.

ಮೆಟ್ಟಿಲ ಮೇಲೆ

ನಮ್ಮ ವಸತಿಗೃಹದಲ್ಲಿ ಎಂಟು ಗಂಟೆಗೆ ಹಾಜರಿ. ಸರದಿಯ ಅಧ್ಯಾಪಕರು ಬಾಗಿಲ ಬಳಿ ಪಟ್ಟಿ ಹಿಡಿದು ನಿಲ್ಲುತ್ತಾರೆ. ಹುಡುಗರು ಒಬ್ಬೊಬ್ಬರಾಗಿ ಮುಖ ತೋರಿಸಿ, ಕೈ ಕುಲುಕಿ ಒಳಗೆ ಹೋಗುತ್ತಾರೆ. ಎಂಟರಿಂದ ಹತ್ತು ಓದುವ ಹೊತ್ತು. ಬಾಗಿಲುಗಳು ಅರೆತೆರೆದಿರಬೇಕು, ಯಾರೂ ಇನ್ನೊಬ್ಬರ ಕೋಣೆಯಲ್ಲಿ ಇರುವಂತಿಲ್ಲ. ಹತ್ತರಿಂದ ಅರ್ಧ ತಾಸು ಗದ್ದಲ, ಆಮೇಲೆ ಮೊದಲ ವರ್ಷದವರಿಗೆ ದೀಪ ಆರಿಸುವ ಸಮಯ. ಶನಿವಾರವೂ ಅರ್ಧ ದಿನ ತರಗತಿ, ಮಧ್ಯಾಹ್ನ ಆಟ. ಇಷ್ಟು ಬಿಗಿಯಾದ ದಿನಚರಿಗೆ ಒಂದು ಒಳ್ಳೆಯ ಗುಣವಿದೆ: ಬೇಸರಪಡಲು ಹೊತ್ತೇ ಇರುವುದಿಲ್ಲ. ಅದೇ ಕಾರಣಕ್ಕೆ ಬೇಸರ ಎಲ್ಲ ಸೇರಿ ಬರುವುದು ಮಲಗುವ ಹೊತ್ತಿಗೆ, ಅಥವಾ ಭಾನುವಾರ ಸಂಜೆ.

ಗುಲಾಮರ ಎಣಿಕೆಯ ಪಾಠ ನಡೆದ ರಾತ್ರಿ ಸರದಿ ನನ್ನದೇ ಆಗಿತ್ತು. ಎರಡನೆಯ ಮಹಡಿಗೆ ಹತ್ತುವಾಗ ಮೆಟ್ಟಿಲ ತಿರುವಿನಲ್ಲಿ ಅದೇ ಹುಡುಗ ಫೋನಿನಲ್ಲಿ ಮನೆಯವರೊಂದಿಗೆ ಮಾತನಾಡುತ್ತ ಕೂತಿದ್ದ. ಅವನ ಮನೆ ಇದ್ದದ್ದು ಬೇರೊಂದು ಖಂಡದಲ್ಲಿ. ಅಲ್ಲಿ ಆಗ ಬೆಳಗಾಗಿತ್ತು. ತರಗತಿಯಲ್ಲಿ ತಾನು ಕೇಳಿದ ಪ್ರಶ್ನೆಯ ಬಗ್ಗೆ ಅವನು ನಗುನಗುತ್ತ ಹೇಳುತ್ತಿದ್ದುದು ಭಾಷೆ ಬಾರದ ನನಗೂ ತಿಳಿಯುವಂತಿತ್ತು. ಫೋನು ಇಟ್ಟ ಮೇಲೆ ಅವನ ಮುಖ ಪೂರ್ತಿ ಬೇರೆಯಾಯಿತು. ನಾನು ಎರಡು ಮೆಟ್ಟಿಲು ಕೆಳಗೆ ಕೂತು, ಹೇಗಿದ್ದೀಯ ಎಂದು ಕೇಳಿದೆ. "ಚೆನ್ನಾಗಿದ್ದೇನೆ, ಸರ್. ನಾಳೆಗೆ ಗಣಿತ ಬಾಕಿ ಇದೆ" ಎಂದು ಎದ್ದು ಹೋದ. ಸಭ್ಯತೆಗೆ ಒಂದಿಷ್ಟೂ ಕೊರತೆ ಇರಲಿಲ್ಲ.

ಕೆಲವು ವಾರಗಳ ನಂತರ ನಮ್ಮ ಮಹಡಿಯ ಹಿರಿಯ ವಿದ್ಯಾರ್ಥಿ, ಕಿರಿಯರ ಮೇಲ್ವಿಚಾರಣೆಗೆಂದು ಶಾಲೆ ನೇಮಿಸಿದ್ದ ಹದಿನೇಳರ ಹುಡುಗ, ನನ್ನ ಬಾಗಿಲು ತಟ್ಟಿದ. ಆ ಹುಡುಗನಿಗೆ ಶಾಲೆ ಸೇರಿದಾಗಿನಿಂದ ಸರಿಯಾಗಿ ನಿದ್ದೆಯಿಲ್ಲ, ನಡುರಾತ್ರಿ ಎದ್ದು ಬಚ್ಚಲುಮನೆಯ ಬೆಂಚಿನ ಮೇಲೆ ಕೂತಿರುತ್ತಾನೆ, ತಾನೂ ಎಷ್ಟೋ ರಾತ್ರಿ ಅವನ ಜೊತೆ ಕೂತಿದ್ದೇನೆ, ಇನ್ನು ತನ್ನಿಂದ ಒಬ್ಬನಿಂದಲೇ ಆಗುವುದಿಲ್ಲ ಎಂದ. ನನಗೇಕೆ ಮೊದಲೇ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರದಲ್ಲಿ ಮುಚ್ಚುಮರೆ ಇರಲಿಲ್ಲ: "ಸರ್‌ಗೆ ಗೊತ್ತಾದರೆ ವರದಿಯಲ್ಲಿ ಬರುತ್ತದೆ ಎಂದು ಅವನಿಗೆ ಭಯ."

ಒಬ್ಬರಲ್ಲೇ ಮೂವರು

ಅಮೆರಿಕದ ವಸತಿ ಶಾಲೆಗಳಲ್ಲಿ ಒಳ್ಳೆಯ ಅಧ್ಯಾಪಕರನ್ನು 'ಟ್ರಿಪಲ್ ಥ್ರೆಟ್' ಎಂದು ಮೆಚ್ಚಿ ಕರೆಯುವ ರೂಢಿಯಿದೆ: ಬೆಳಗ್ಗೆ ಪಾಠ ಹೇಳುವವರು, ಮಧ್ಯಾಹ್ನ ಆಟದ ತರಬೇತಿ ಕೊಡುವವರು, ರಾತ್ರಿ ವಸತಿಗೃಹದಲ್ಲಿ ಪೋಷಕರಂತೆ ಇರುವವರು. ಮೂರೂ ಒಬ್ಬರೇ. ಶಾಲೆಯ ಪರಿಚಯ ಪುಸ್ತಿಕೆಗಳು ಇದನ್ನೇ ಹಿರಿಮೆಯಾಗಿ ಹೇಳಿಕೊಳ್ಳುತ್ತವೆ, ನಿಮ್ಮ ಮಗುವನ್ನು ನಾವು ಇಡಿಯಾಗಿ ಬಲ್ಲೆವು ಎಂದು. ಅದು ಸುಳ್ಳಲ್ಲ. ಪ್ರಬಂಧದಲ್ಲಿ ಎಡವಿದವನು ಮೈದಾನದಲ್ಲಿ ಮಿಂಚುವುದನ್ನು ನೋಡಿದ ಅಧ್ಯಾಪಕರು ಅವನನ್ನು ದಡ್ಡ ಎಂದು ಬದಿಗೆ ಸರಿಸುವುದಿಲ್ಲ. ಆದರೆ ಇಡಿಯಾಗಿ ಬಲ್ಲವರು ಇಡಿಯಾಗಿ ಅಳೆಯುವವರೂ ಹೌದು ಎಂಬುದನ್ನು ಮಗು ಮೊದಲ ತಿಂಗಳಲ್ಲೇ ಅರಿತುಕೊಳ್ಳುತ್ತದೆ. ನಿತ್ಯ ಮನೆಗೆ ಹೋಗುವ ಮಗುವಿಗೆ ಶಾಲೆ ಅರಿಯದ ಮನೆಯೊಂದಿದೆ, ಮನೆ ಅರಿಯದ ಶಾಲೆಯೊಂದಿದೆ. ಎರಡರ ನಡುವಿನ ದಾರಿಯಲ್ಲಿ ಅದು ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ. ವಸತಿ ಶಾಲೆಯಲ್ಲಿ ಆ ದಾರಿಯೇ ಇಲ್ಲ.

ವರದಿಯ ವಿಷಯ ಹೇಳದಿದ್ದರೆ ಇದು ಪೂರ್ತಿಯಾಗುವುದಿಲ್ಲ. ಪ್ರತಿ ಅವಧಿಯ ಕೊನೆಗೆ ಪ್ರತಿ ವಿದ್ಯಾರ್ಥಿಯ ಬಗ್ಗೆ ಪ್ರತಿ ಅಧ್ಯಾಪಕರೂ ಒಂದೊಂದು ಪ್ಯಾರಾ ಬರೆಯುತ್ತಾರೆ. ವಸತಿಗೃಹದವರು ಪ್ರತ್ಯೇಕ ಪತ್ರ ಬರೆಯುತ್ತಾರೆ. ನಾವು ಅದರಲ್ಲಿ ಎಷ್ಟು ನುರಿತಿದ್ದೆವೆಂದರೆ "ಹೊಂದಿಕೊಳ್ಳುತ್ತಿದ್ದಾನೆ" ಎಂದರೆ ಅಳುತ್ತಿದ್ದಾನೆ ಎಂದೂ, "ಸ್ವತಂತ್ರ ಸ್ವಭಾವದವನು" ಎಂದರೆ ಗೆಳೆಯರಿಲ್ಲ ಎಂದೂ ನಮ್ಮೊಳಗೆ ತಿಳಿದಿತ್ತು. ಆ ಪತ್ರ ತಂದೆತಾಯಿಗೆ ಹೋಗುತ್ತದೆ, ಶಾಲೆಯ ಕಡತಕ್ಕೆ ಸೇರುತ್ತದೆ; ಮೂರನೆಯ ವರ್ಷದಲ್ಲಿ ಕಾಲೇಜು ಪ್ರವೇಶದ ಸಲಹೆಗಾರರು ಶಿಫಾರಸು ಪತ್ರ ಬರೆಯಲು ಕೂತಾಗ ಅವರ ಮುಂದಿರುವುದು ಅದೇ ಕಡತ. ಅಳು ಕಡತಕ್ಕೆ ಸೇರದಿದ್ದರೆ ಒಳ್ಳೆಯದು ಎಂದು ಹದಿನಾಲ್ಕರ ಹುಡುಗ ಲೆಕ್ಕ ಹಾಕಿದ್ದರೆ ಆ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಮೇಜಿನಲ್ಲಿ "ಅರ್ಥವಾಗಲಿಲ್ಲ" ಎಂದರೆ ಮೆಚ್ಚುಗೆ ಸಿಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಮೆಟ್ಟಿಲ ಮೇಲೆ "ಆಗುತ್ತಿಲ್ಲ" ಎಂದರೆ ಏನು ಸಿಗುತ್ತದೆ ಎಂಬುದು ಗೊತ್ತಿರಲಿಲ್ಲ. ಅಂದರೆ ಅವನು ಮಾತನ್ನು ಮರೆತಿರಲಿಲ್ಲ, ಎಲ್ಲಿ ಆಡಬೇಕೆಂಬುದನ್ನು ಚೆನ್ನಾಗಿಯೇ ಕಲಿತಿದ್ದ.

ಇದಕ್ಕೆ ಪರಿಹಾರವೆಂಬಂತೆ ಕೆಲವು ಸಂಸ್ಥೆಗಳು ಮಗುವೇ ತನ್ನ ಲೆಕ್ಕ ಬರೆದುಕೊಳ್ಳಲಿ ಎಂದದ್ದುಂಟು. ಜರ್ಮನಿಯಲ್ಲಿ ನಾಜಿಗಳ ಸೆರೆಯಿಂದ ಬಿಡುಗಡೆಯಾಗಿ ಬ್ರಿಟನ್ನಿಗೆ ಬಂದ ಕರ್ಟ್ ಹಾನ್ ಅವರು 1934ರಲ್ಲಿ ಸ್ಕಾಟ್ಲೆಂಡಿನಲ್ಲಿ ಗಾರ್ಡನ್‌ಸ್ಟೌನ್ ಶಾಲೆಯನ್ನು ಆರಂಭಿಸಿದಾಗ, ಬೆಳಗಿನ ಓಟ, ತಣ್ಣೀರ ಸ್ನಾನಗಳ ಜೊತೆಗೆ, ದಿನದ ಕರ್ತವ್ಯಗಳನ್ನು ಮಾಡಿದೆನೋ ಇಲ್ಲವೋ ಎಂದು ವಿದ್ಯಾರ್ಥಿಯೇ ಗುರುತು ಹಾಕಿಕೊಳ್ಳುವ ಪಟ್ಟಿಯೊಂದನ್ನು ತಂದರು. ನಂಬಿಕೆಯ ಮೇಲೆ ನಿಂತ ಆ ಏರ್ಪಾಡನ್ನು ನಾನು ಗೌರವಿಸುತ್ತೇನೆ. ಆದರೂ ಅದು ಕರ್ತವ್ಯದ ಪಟ್ಟಿ. ದುಃಖಕ್ಕೆ ಅದರಲ್ಲಿ ಕಾಲಂ ಇರಲಿಲ್ಲ. ನನಗೆ ಹೆಚ್ಚು ಹಿಡಿಸಿದ್ದು ವಿಂಚೆಸ್ಟರ್ ಕಾಲೇಜಿನ 'ಡಿವ್' ತರಗತಿ. 1382ರಲ್ಲಿ ಹುಟ್ಟಿದ ಆ ಶಾಲೆಯಲ್ಲಿ ಇತಿಹಾಸ, ಸಾಹಿತ್ಯ, ತತ್ವಶಾಸ್ತ್ರ ಯಾವುದನ್ನಾದರೂ ಎತ್ತಿಕೊಂಡು ಮಾತನಾಡುವ ಈ ತರಗತಿಗೆ ಸಾರ್ವಜನಿಕ ಪರೀಕ್ಷೆಯ ಹಂಗಿಲ್ಲ. ಅಂಕವಿಲ್ಲದ ಕಡೆ ಮಾತು ಸಡಿಲಾಗುತ್ತದೆ ಎಂಬುದನ್ನು ಪಾಠದ ಮಟ್ಟಿಗಾದರೂ ಈ ಶಾಲೆಗಳು ಬಲ್ಲವು. ಅದನ್ನೇ ಕಾರಿಡಾರಿಗೂ ಅನ್ವಯಿಸಬಹುದು ಎಂದು ಅವುಗಳಿಗೆ ತೋಚಲು ಬಹಳ ಕಾಲ ಬೇಕಾಯಿತು.

ಕಾನೂನು ಕೇಳಿದ ಪ್ರಶ್ನೆ

ತೋಚಿದ್ದೂ ಒಳಗಿನಿಂದಲ್ಲ. ಬ್ರಿಟನ್ನಿನಲ್ಲಿ ಎಂಟರ ಹರೆಯದಲ್ಲೇ, ಕೆಲವೊಮ್ಮೆ ಇನ್ನೂ ಮೊದಲೇ, ಮಕ್ಕಳನ್ನು ವಸತಿ ಶಾಲೆಗೆ ಕಳಿಸುವ ರೂಢಿ ಕೆಲವು ವರ್ಗಗಳಲ್ಲಿ ಗಟ್ಟಿಯಾಗಿತ್ತು. ಅಮೆರಿಕದ ಶಾಲೆಗಳು ಸಾಮಾನ್ಯವಾಗಿ ಹದಿನಾಲ್ಕರಲ್ಲಿ ಶುರುವಾಗುತ್ತವೆ, ಆ ಆರು ವರ್ಷಗಳ ಅಂತರ ಸಣ್ಣದಲ್ಲ. ಮನೋಚಿಕಿತ್ಸಕಿ ಜಾಯ್ ಶವೇರಿಯನ್ ಅವರು 2011ರಲ್ಲಿ 'ಬೋರ್ಡಿಂಗ್ ಸ್ಕೂಲ್ ಸಿಂಡ್ರೋಮ್' ಎಂದು ಹೆಸರಿಟ್ಟು ವಿವರಿಸಿದ್ದು, ಹೀಗೆ ಎಳೆಯ ವಯಸ್ಸಿನಲ್ಲಿ ಮನೆಯಿಂದ ಬೇರ್ಪಟ್ಟು, ನಡುವಯಸ್ಸಿನಲ್ಲಿ ತಮ್ಮ ಬಳಿ ಬಂದವರಲ್ಲಿ ಕಂಡ ಲಕ್ಷಣಗಳನ್ನು. ಹೊರಗೆ ಯಶಸ್ವಿ, ಒಳಗೆ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಾಗದ ಸ್ಥಿತಿ. ಅದು ವೈದ್ಯಶಾಸ್ತ್ರ ಅಧಿಕೃತವಾಗಿ ಒಪ್ಪಿದ ಕಾಯಿಲೆಯಲ್ಲ, ವಸತಿ ಶಾಲೆಯಲ್ಲಿ ಸುಖವಾಗಿದ್ದವರು ಚಿಕಿತ್ಸಕರ ಬಳಿ ಹೋಗುವುದಿಲ್ಲ ಎಂಬ ಆಕ್ಷೇಪವೂ ನ್ಯಾಯವಾದದ್ದೇ. ನನ್ನ ಕಾರಿಡಾರಿನಲ್ಲೂ ನಿಜವಾಗಿ ಸುಖವಾಗಿದ್ದ ಹುಡುಗರು ಬಹಳ ಮಂದಿ ಇದ್ದರು. ಮನೆಯ ಜಗಳಗಳಿಂದ ದೂರ ಬಂದು ಮೊದಲ ಸಲ ನೆಮ್ಮದಿಯ ನಿದ್ದೆ ಮಾಡಿದವರೂ ಇದ್ದರು.

ಆದರೂ ಕಾನೂನು ಒಂದು ಸರಿಯಾದ ಪ್ರಶ್ನೆ ಕೇಳಿತು. ಇಂಗ್ಲೆಂಡಿನ 1989ರ ಮಕ್ಕಳ ಕಾಯ್ದೆಯ 87ನೆಯ ವಿಧಿ ವಸತಿ ಶಾಲೆಗಳಲ್ಲಿನ ಮಕ್ಕಳ ಕ್ಷೇಮದ ಹೊಣೆಯನ್ನು ಶಾಲೆಯ ಮೇಲೆ ಹೊರಿಸಿತು. ಆ ನಂತರ ಬಂದ ಕನಿಷ್ಠ ಮಾನದಂಡಗಳಲ್ಲಿ ಒಂದು ಅಂಶವಿದೆ: ಮಕ್ಕಳ ತಂದೆತಾಯಿಯೂ ಅಲ್ಲದ, ಶಾಲೆಯ ಆಡಳಿತ, ಪಾಠ ಅಥವಾ ವಸತಿಯ ಹೊಣೆ ಹೊತ್ತವರೂ ಅಲ್ಲದ ಒಬ್ಬ ವ್ಯಕ್ತಿಯನ್ನು ಶಾಲೆ ಗೊತ್ತುಮಾಡಬೇಕು, ಅವರನ್ನು ಸಂಪರ್ಕಿಸುವುದು ಹೇಗೆಂದು ಮಕ್ಕಳಿಗೆ ತಿಳಿದಿರಬೇಕು. ಓದಿದಾಗ ನನಗೆ ಈಟನ್ ಊರಿನ ಹಳೆಯ ಮನೆಯೊಡತಿಯರ ನೆನಪಾಯಿತು. ಲ್ಯಾಟಿನ್‌ನ ಗೊಡವೆಯಿಲ್ಲದ ಆ ಒಬ್ಬರನ್ನು ಶತಮಾನಗಳ ನಂತರ ಕಾನೂನಿನ ಮೂಲಕ ವಾಪಸು ಕರೆಸಬೇಕಾಯಿತು.

ನಮ್ಮ ಶಾಲೆಯಲ್ಲಿ ಆ ಜಾಗವನ್ನು ತಾನಾಗಿಯೇ ತುಂಬಿದ್ದು ಆರೋಗ್ಯ ಕೇಂದ್ರ. ಭಾನುವಾರ ಸಂಜೆ ಹೊಟ್ಟೆನೋವು, ತಲೆನೋವು ಎಂದು ಅಲ್ಲಿಗೆ ಹೋಗುವ ಹುಡುಗರನ್ನು ಹೊಸ ಅಧ್ಯಾಪಕರು ಗಣಿತದ ಕಿರುಪರೀಕ್ಷೆ ತಪ್ಪಿಸಿಕೊಳ್ಳುವವರೆಂದು ಅನುಮಾನಿಸುತ್ತಿದ್ದರು. ಹಳಬರು ಸುಮ್ಮನೆ ಚೀಟಿ ಬರೆದುಕೊಡುತ್ತಿದ್ದರು. ಅಲ್ಲಿನ ನರ್ಸ್‌ಗಳು ಯಾರಿಗೂ ಅಂಕ ಕೊಡುತ್ತಿರಲಿಲ್ಲ, ಯಾವ ತಂಡಕ್ಕೂ ಯಾರನ್ನೂ ಆರಿಸುತ್ತಿರಲಿಲ್ಲ. ಮೆಟ್ಟಿಲ ಮೇಲಿನ ಆ ಹುಡುಗ ಕೊನೆಗೆ ಮಾತನಾಡಿದ್ದೂ ಅವರೊಬ್ಬರ ಬಳಿ. ಅವನು ಅವರಿಗೆ ಏನು ಹೇಳಿದ ಎಂಬುದು ನನಗೆ ತಿಳಿದಿಲ್ಲ, ಅವರು ಹೇಳಲೂ ಇಲ್ಲ. ನವೆಂಬರಿನ ರಜೆಗೆ ದೂರದ ಹುಡುಗರು ಮನೆಗೆ ಹೋಗಲಾಗದೆ ಉಳಿಯುವಾಗ ಅವನು ಅದೇ ಊರಿನ ಸಹಪಾಠಿಯೊಬ್ಬನ ಮನೆಯಲ್ಲಿದ್ದು ಬಂದ. ಬಂದ ಮೇಲೆ ನಿದ್ದೆ ಸುಧಾರಿಸಿತೆಂದು ಹಿರಿಯ ಹುಡುಗ ಹೇಳಿದ.

ವಿದ್ಯಾರ್ಥಿವೇತನದ ಮೇಲೆ ಬಂದವರ ಮಾತು ಇನ್ನೂ ಸೂಕ್ಷ್ಮವಾದದ್ದು. ಮ್ಯಾಸಚೂಸೆಟ್ಸ್‌ನ ಆಂಡೋವರಿನಲ್ಲಿರುವ ಫಿಲಿಪ್ಸ್ ಅಕಾಡೆಮಿ, ಆ ಬಳಿಕ ಎಕ್ಸೆಟರ್, ಅರ್ಜಿದಾರರ ಹಣದ ಸ್ಥಿತಿ ನೋಡದೆ ಪ್ರವೇಶ ಕೊಡುವ ನೀತಿಗೆ ಬಂದಿವೆ, ಇದು ಹೆಗ್ಗಳಿಕೆಯೇ. ಆದರೆ ಪೂರ್ತಿ ಶುಲ್ಕವನ್ನು ಬೇರೊಬ್ಬರು ಕಟ್ಟಿದ್ದಾರೆಂದು ತಿಳಿದಿರುವ ಮಗುವಿಗೆ "ಆಗುತ್ತಿಲ್ಲ" ಎನ್ನುವುದು ಇಮ್ಮಡಿ ಕಷ್ಟ. ಅದಕ್ಕೆ ಅದು ದೂರಿನಂತಲ್ಲ, ಕೃತಘ್ನತೆಯಂತೆ ಕೇಳಿಸುತ್ತದೆ. ನನ್ನ ಅನುಭವದಲ್ಲಿ ಅತ್ಯಂತ ಹರ್ಷದಿಂದ "ಚೆನ್ನಾಗಿದ್ದೇನೆ" ಎನ್ನುತ್ತಿದ್ದವರು ಅವರೇ.

ಮಗಳನ್ನು ಇಂಥ ಶಾಲೆಗೆ ಸೇರಿಸಬೇಕೆಂದಿದ್ದ ಸ್ನೇಹಿತರೊಬ್ಬರು ಕಳೆದ ವರ್ಷ ಏನೇನು ನೋಡಬೇಕೆಂದು ನನ್ನನ್ನು ಕೇಳಿದರು. ಗ್ರಂಥಾಲಯ, ಪ್ರಯೋಗಾಲಯ, ಅಂಡಾಕಾರದ ಮೇಜು ಇವನ್ನೆಲ್ಲ ಅವರು ಕೇಳದೆಯೇ ತೋರಿಸುತ್ತಾರೆ ಎಂದೆ. ಕೇಳಬೇಕಾದದ್ದು, ವಸತಿಗೃಹದಲ್ಲಿರುವ ಅಧ್ಯಾಪಕರು ಸಾಮಾನ್ಯವಾಗಿ ಎಷ್ಟು ವರ್ಷ ಅಲ್ಲೇ ಉಳಿಯುತ್ತಾರೆ, ಹಿರಿಯ ವಿದ್ಯಾರ್ಥಿಗೆ ತಾನು ಹೊರಲಾಗದ ವಿಷಯ ತಿಳಿದಾಗ ಅವನು ಯಾರ ಬಾಗಿಲು ತಟ್ಟಬೇಕು, ಮತ್ತು ಮಗುವಿನ ಬಗ್ಗೆ ಒಂದು ಸಾಲನ್ನೂ ವರದಿಗೆ ಬರೆಯದ, ಆದರೂ ದಿನಾ ಮಗುವಿನ ಕಣ್ಣಿಗೆ ಬೀಳುವ ದೊಡ್ಡವರು ಯಾರು ಎಂದು. ಅವರು ನೋಡಿದ ಮೊದಲ ಶಾಲೆಯಲ್ಲಿ ಪ್ರವೇಶಾಧಿಕಾರಿ ಮೂರನೆಯ ಪ್ರಶ್ನೆಗೆ ಆಪ್ತಸಲಹಾ ವಿಭಾಗದ ಹೊಸ ಕಟ್ಟಡವನ್ನು ತೋರಿಸಿದರಂತೆ. ಎರಡನೆಯದರಲ್ಲಿ ಅಧಿಕಾರಿ ಯೋಚಿಸುತ್ತಿರುವಾಗಲೇ, ಶಾಲೆ ಸುತ್ತಾಡಿಸುತ್ತಿದ್ದ ವಿದ್ಯಾರ್ಥಿನಿ ರಾತ್ರಿ ಪಾಳಿಯ ನರ್ಸ್ ಒಬ್ಬರ ಹೆಸರು ಹೇಳಿ, ಅವರು ಯಾವ ಯಾವ ದಿನ ಇರುತ್ತಾರೆಂದೂ ತಿಳಿಸಿದಳಂತೆ. ಮಗಳು ಈಗ ಅಲ್ಲಿ ಓದುತ್ತಿದ್ದಾಳೆ.